ಮರುಭೂಮಿಯ ಸಣ್ಣ ಕಲಾ ಉತ್ಸವಕ್ಕೆ ಹೊರಡುವವರಿಗೆ: ನಾಲ್ಕು ದಿನದ ಊರನ್ನು ಕಟ್ಟುವ ಮತ್ತು ಬಿಚ್ಚುವ ಬಗೆ

1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೇಕರ್ ಬೀಚ್ ಎಂಬ ಕಡಲತಡಿಯಲ್ಲಿ ಲ್ಯಾರಿ ಹಾರ್ವಿ ಮತ್ತು ಜೆರ್ರಿ ಜೇಮ್ಸ್ ಎಂಬ ಇಬ್ಬರು ಗೆಳೆಯರು ಮರದ ಮನುಷ್ಯಾಕೃತಿಯೊಂದನ್ನು ನಿಲ್ಲಿಸಿ ಸುಟ್ಟರು. 1990ರಲ್ಲಿ ಆ ಆಚರಣೆ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ ಬಂದು, ವರ್ಷಗಳು ಕಳೆದಂತೆ ಬರ್ನಿಂಗ್ ಮ್ಯಾನ್ ಎಂಬ ಹೆಸರಿನ, ಸುಮಾರು 70,000 ಜನರ ತಾತ್ಕಾಲಿಕ ನಗರವಾಯಿತು. ಅದರ ಬೀಜ ಬೇರೆ ಬೇರೆ ನೆಲಗಳಲ್ಲಿ ಬಿದ್ದು ಹುಟ್ಟಿದ ಉತ್ಸವಗಳನ್ನು ರೀಜನಲ್ ಬರ್ನ್ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದ ಟಾಂಕ್ವಾ ಕರೂ ಬಯಲಿನಲ್ಲಿ 2007ರಿಂದ ನಡೆಯುತ್ತಿರುವ ಆಫ್ರಿಕಾಬರ್ನ್, ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ 2014ರಲ್ಲಿ ಆರಂಭವಾದ ಮಿಡ್‌ಬರ್ನ್ ಇವು ಅವುಗಳ ಪೈಕಿ ದೊಡ್ಡವು. ಇವೆರಡರ ನೆರಳಿನಲ್ಲಿ, ಕೆಲವೇ ನೂರು ಜನ ಸೇರಿ ಮೂರು ನಾಲ್ಕು ದಿನ ನಡೆಸುವ ಸಣ್ಣ ಬರ್ನ್‌ಗಳು ಅನೇಕ. ಈ ಬರಹ ಅಂಥ ಸಣ್ಣ ಉತ್ಸವಕ್ಕೆ, ಅದರಲ್ಲೂ ಮರುಭೂಮಿಯಲ್ಲಿ ನಡೆಯುವಂಥದಕ್ಕೆ, ಮೊದಲ ಸಲ ಹೊರಟವರಿಗಾಗಿ.

ದೊಡ್ಡದಕ್ಕೂ ಸಣ್ಣದಕ್ಕೂ ಇರುವ ವ್ಯತ್ಯಾಸ ಜನಸಂಖ್ಯೆಯದಷ್ಟೇ ಅಲ್ಲ. ಎಪ್ಪತ್ತು ಸಾವಿರ ಜನರ ನಡುವೆ ಒಬ್ಬನ ಸೋಮಾರಿತನ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಮುನ್ನೂರು ಜನರ ಊರಿನಲ್ಲಿ ರಾತ್ರಿ ಎರಡು ಗಂಟೆಯ ಪಾಳಿಗೆ ಒಬ್ಬ ಬಾರದಿದ್ದರೆ ಹೆಬ್ಬಾಗಿಲಲ್ಲಿ ಆಗಲೇ ಆರು ಗಂಟೆ ನಿಂತವನು ಇನ್ನೂ ನಾಲ್ಕು ಗಂಟೆ ನಿಲ್ಲಬೇಕಾಗುತ್ತದೆ. ಇಲ್ಲಿ ಟಿಕೆಟ್ ಕೊಂಡವರು ಪ್ರೇಕ್ಷಕರಲ್ಲ. ವೇದಿಕೆ ಕಟ್ಟುವವರು, ದಾರಿ ಗುರುತಿಸುವವರು, ಶೌಚಾಲಯಕ್ಕೆ ಕಾಗದ ಇಡುವವರು, ಕೊನೆಗೆ ಕಸ ಹೆಕ್ಕುವವರು ಎಲ್ಲರೂ ಟಿಕೆಟ್ ಕೊಂಡವರೇ. ಆದ್ದರಿಂದ ಸಿದ್ಧತೆಯನ್ನು ಪ್ರವಾಸದ ಸಿದ್ಧತೆ ಎಂದು ತಿಳಿಯದೆ, ಊರು ಕಟ್ಟುವ ಕೆಲಸಕ್ಕೆ ಹೋಗುವವರ ಸಿದ್ಧತೆ ಎಂದು ತಿಳಿದರೆ ಮುಂದಿನ ಮಾತುಗಳೆಲ್ಲ ಸುಲಭವಾಗುತ್ತವೆ.

ಲ್ಯಾರಿ ಹಾರ್ವಿ 2004ರಲ್ಲಿ, ಬೆಳೆಯುತ್ತಿದ್ದ ಈ ಪ್ರಾದೇಶಿಕ ಉತ್ಸವಗಳಿಗೆ ಮಾರ್ಗದರ್ಶಿಯಾಗಿ ಹತ್ತು ತತ್ತ್ವಗಳನ್ನು ಬರೆದರು. ಅವು ಆಜ್ಞೆಗಳಲ್ಲ, ಆ ಸಮುದಾಯದಲ್ಲಿ ಆಗಲೇ ರೂಢಿಯಲ್ಲಿದ್ದುದರ ವಿವರಣೆ. ಹತ್ತನ್ನೂ ಬಾಯಿಪಾಠ ಮಾಡಬೇಕಿಲ್ಲ. ಆದರೆ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಹೊರಡಬಾರದು. ನಿಮ್ಮ ಅಗತ್ಯಗಳನ್ನು ನೀವೇ ಹೊತ್ತು ತರಬೇಕು, ಒಳಗೆ ಕೊಡುಕೊಳ್ಳುವ ವ್ಯಾಪಾರವಿಲ್ಲ, ಪ್ರತಿಯೊಬ್ಬರೂ ಪಾಲ್ಗೊಳ್ಳಬೇಕು, ಹೋಗುವಾಗ ಗುರುತು ಉಳಿಯಬಾರದು. ಆಫ್ರಿಕಾಬರ್ನ್ ಇವುಗಳಿಗೆ ‘ಒಬ್ಬರು ಇನ್ನೊಬ್ಬರಿಗೆ ಕಲಿಸಿ’ ಎಂಬ ಅರ್ಥದ ಹನ್ನೊಂದನೆಯದನ್ನು ಸೇರಿಸಿಕೊಂಡಿದೆ. ಸಣ್ಣ ಬರ್ನ್‌ಗೆ ಅತ್ಯಂತ ಒಪ್ಪುವ ತತ್ತ್ವ ಅದೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅಲ್ಲಿ ಕೆಲಸ ಬಲ್ಲವರು ಯಾವಾಗಲೂ ಕೆಲವರೇ.

ಹೊರಡುವ ಮುನ್ನ ಕೇಳಬೇಕಾದದ್ದು

ಪ್ರತಿಯೊಂದು ಉತ್ಸವವೂ ತನ್ನದೇ ಆದ ಸರ್ವೈವಲ್ ಗೈಡ್ ಎಂಬ ಸಿದ್ಧತೆಯ ಕೈಪಿಡಿ ಹೊರಡಿಸುತ್ತದೆ. ಅದನ್ನು ಟಿಕೆಟ್ ಕೊಳ್ಳುವ ಮೊದಲು ಓದಿ, ಹೊರಡುವ ಹಿಂದಿನ ದಿನ ಅಲ್ಲ. ಓದುವಾಗ ನೆಲದ ಬಗೆಯನ್ನು ಮೊದಲು ಗಮನಿಸಿ: ಒಣಗಿದ ಸರೋವರದ ಗಟ್ಟಿ ಜೇಡಿಯೋ, ಸಡಿಲ ಮರಳೋ, ಚೂಪು ಕಲ್ಲಿನ ಬಯಲೋ ಎಂಬುದರ ಮೇಲೆ ನಿಮ್ಮ ಗೂಟ, ಟೈರು, ಪಾದರಕ್ಷೆ ಮೂರೂ ನಿರ್ಧಾರವಾಗುತ್ತವೆ. ಟಾಂಕ್ವಾ ಕರೂಗೆ ಹೋಗುವ ಆರ್355 ರಸ್ತೆ ಟೈರು ಹರಿಯುವುದಕ್ಕೆ ಎಷ್ಟು ಹೆಸರಾಗಿದೆಯೆಂದರೆ, ಅಲ್ಲಿಗೆ ಹೋಗುವ ಅನುಭವಿಗಳು ಒಂದಲ್ಲ ಎರಡು ಬಿಡಿ ಚಕ್ರ ಒಯ್ಯುತ್ತಾರೆ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ಮೊಬೈಲ್ ಸಂಪರ್ಕವಿದೆಯೇ, ತೆರೆದ ಬೆಂಕಿಗೆ ಅನುಮತಿ ಇದೆಯೇ, ಶೌಚಾಲಯದ ವ್ಯವಸ್ಥೆ ಏನು, ಬಂದ ವಾಹನ ಕೊನೆಯವರೆಗೆ ನಿಂತಲ್ಲೇ ನಿಲ್ಲಬೇಕೇ ಎಂಬುದನ್ನೂ ಅದರಲ್ಲೇ ನೋಡಿಕೊಳ್ಳಿ. ಸಂಪರ್ಕವಿಲ್ಲದ ಕಡೆಗೆ ಹೋಗುತ್ತಿದ್ದರೆ, ಎಂದು ಹಿಂದಿರುಗುತ್ತೀರಿ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಬರೆದು ಕೊಟ್ಟು ಹೊರಡಿ.

ನೀರು, ಬಿಸಿಲು, ಚಳಿ

ನೀರಿನ ಲೆಕ್ಕ ಸರಳ. ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 6 ಲೀಟರ್ ಬೇಕು. ನಾಲ್ಕು ದಿನದ ಉತ್ಸವಕ್ಕೆ ಒಂದು ದಿನದ್ದನ್ನು ಹೆಚ್ಚಾಗಿ ಸೇರಿಸಿ 30 ಲೀಟರ್ ಒಯ್ಯಿರಿ. ಅದನ್ನು ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬಿದರೆ ಒಂದು ಸೋರುವ ನಲ್ಲಿ ಇಡೀ ಸಂಗ್ರಹವನ್ನು ಮರಳಿಗೆ ಕುಡಿಸಬಹುದು. ನಾಲ್ಕೈದು ಕ್ಯಾನ್‌ಗಳಲ್ಲಿ ಹಂಚಿ, ನೆರಳಿನಲ್ಲಿಡಿ. ಬಾಯಾರಿಕೆಗಾಗಿ ಕಾಯದೆ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು, ಜೊತೆಗೆ ಉಪ್ಪಿನಂಶವೂ ದೇಹಕ್ಕೆ ಸೇರಬೇಕು. ಬೆವರಿನಲ್ಲಿ ಹೋದ ಉಪ್ಪನ್ನು ತುಂಬದೆ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಬರುತ್ತವೆ. ಅದನ್ನು ನಿರ್ಜಲೀಕರಣವೆಂದು ತಪ್ಪು ತಿಳಿದು ಇನ್ನಷ್ಟು ನೀರು ಕುಡಿಸುವುದು ಅಪಾಯ. ಮೂತ್ರ ತಿಳಿಹಳದಿ ಬಣ್ಣದಲ್ಲಿದ್ದರೆ ಲೆಕ್ಕ ಸರಿಯಾಗಿದೆ.

ಬಿಸಿಲಿನಲ್ಲಿ ಯಾರಾದರೂ ತೊದಲಿದರೆ, ತೂರಾಡಿದರೆ, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಅದನ್ನು ಅಮಲು ಎಂದು ನಕ್ಕು ಬಿಡಬೇಡಿ. ಉಷ್ಣಾಘಾತದ ಲಕ್ಷಣವೂ ಅದೇ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ, ಇನ್ನೊಬ್ಬರನ್ನು ವೈದ್ಯಕೀಯ ಡೇರೆಗೆ ಓಡಿಸಿ; ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಸುರಿಯಬಾರದು.

ಮೋಡವಿಲ್ಲದ ಆಕಾಶ ಮತ್ತು ಒಣಗಾಳಿ ಹಗಲಿನ ಶಾಖವನ್ನು ರಾತ್ರಿ ಹಿಡಿದಿಡುವುದಿಲ್ಲವಾದ್ದರಿಂದ, ಮಧ್ಯಾಹ್ನ ಅಂಗಿ ಭಾರವೆನಿಸಿದ ಅದೇ ಜಾಗದಲ್ಲಿ ಬೆಳಗಿನ ಜಾವ ಹಲ್ಲು ಕಟಕಟಿಸುತ್ತದೆ. ಉಣ್ಣೆಯ ಟೋಪಿ, ದಪ್ಪ ಕೋಟು, ಒಳ್ಳೆಯ ಮಲಗುಚೀಲ ಇವನ್ನು ಮರೆತವರನ್ನು ಪ್ರತಿ ಉತ್ಸವದಲ್ಲೂ ಮೊದಲ ರಾತ್ರಿಯೇ ಗುರುತಿಸಬಹುದು: ಅವರು ಉರಿಯುವ ಬೆಂಕಿಯ ಡಬ್ಬಿಯ ಪಕ್ಕ ಬೆಳಗಾಗುವವರೆಗೆ ಬಹಳ ಸ್ನೇಹಪರರಾಗಿರುತ್ತಾರೆ. ಚಳಿಗೆ ಹೆದರಿ ಮುಚ್ಚಿದ ಡೇರೆಯೊಳಗೆ ಒಲೆ ಹಚ್ಚುವುದು ಮಾತ್ರ ಎಂದಿಗೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಗಾಳಿ

ಹೊಸಬರು ತರುವ ಸಾಮಾನುಗಳನ್ನು ನೋಡಿದರೆ ವೇಷಭೂಷಣದ ಪೆಟ್ಟಿಗೆ ಎರಡು, ಗೂಟದ ಚೀಲ ಒಂದೂ ಇಲ್ಲ. ಮರುಭೂಮಿಯಲ್ಲಿ ಶಿಬಿರವನ್ನು ಕೆಡಿಸುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿ, ಮತ್ತು ಕಳಚಿದ ಡೇರೆ ನಿಮ್ಮದೊಂದೇ ನಷ್ಟವಲ್ಲ. ಅದು ಉಕ್ಕಿನ ಕೋಲುಗಳ ಸಮೇತ ಪಕ್ಕದವರ ಮೇಲೆ ಉರುಳಿ ಹೋಗುತ್ತದೆ. ಅಂಗಡಿಯಲ್ಲಿ ಡೇರೆಯ ಜೊತೆ ಬರುವ ತೆಳು ಗೂಟಗಳನ್ನು ಮನೆಯಲ್ಲೇ ಬಿಟ್ಟುಬಿಡಿ. ಗಟ್ಟಿ ಜೇಡಿನೆಲಕ್ಕೆ ರೀಬಾರ್ ಎಂಬ ಕಟ್ಟಡದ ಉಕ್ಕಿನ ಕಂಬಿಯನ್ನು ಸುಮಾರು 60 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಬಡಿಯುವುದು ಹಳೆಯ ವಿಧಾನ. ಲ್ಯಾಗ್ ಸ್ಕ್ರೂ ಎಂಬ ಉದ್ದನೆಯ ದಪ್ಪ ತಿರುಪುಮೊಳೆಗಳನ್ನು ಇಂಪ್ಯಾಕ್ಟ್ ಡ್ರೈವರ್ ಎಂಬ ಬ್ಯಾಟರಿಯ ತಿರುಪುಯಂತ್ರದಿಂದ ನೆಲಕ್ಕೆ ತಿರುಗಿಸಿ ಇಳಿಸುವುದು ಈಚೆಗೆ ಹೆಚ್ಚು ಜನಪ್ರಿಯ, ಏಕೆಂದರೆ ಕೊನೆಯ ದಿನ ಬೆನ್ನು ಮುರಿಯದೆ ಅವನ್ನು ಹಿಂದಕ್ಕೆ ತಿರುಗಿಸಿ ತೆಗೆಯಬಹುದು. ಸಡಿಲ ಮರಳಿನಲ್ಲಿ ಇವೆರಡೂ ನಿಲ್ಲುವುದಿಲ್ಲ. ಅಲ್ಲಿ ಒಂದು ಮರದ ತುಂಡಿಗೋ ಮರಳು ತುಂಬಿದ ಚೀಲಕ್ಕೋ ಹಗ್ಗ ಕಟ್ಟಿ, ಮೊಣಕಾಲುದ್ದ ಗುಂಡಿಯಲ್ಲಿ ಹಗ್ಗಕ್ಕೆ ಅಡ್ಡಲಾಗಿ ಹೂತು, ಮೇಲೆ ಮರಳು ತುಳಿದು ಮುಚ್ಚಬೇಕು. ಹೂತ ಲಂಗರು ಎಂದು ಕರೆಯಬಹುದಾದ ಈ ಉಪಾಯ ಎಳೆದಷ್ಟೂ ಬಿಗಿಯಾಗುತ್ತದೆ.

ಹಗ್ಗ ನೆಲಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿರಲಿ. ನೆರಳಿಗೆ ಗಾಳಿಯಾಡದ ಟಾರ್ಪಾಲಿಗಿಂತ ರಂಧ್ರಗಳಿರುವ ನೆರಳುಬಲೆ ಉತ್ತಮ, ಟಾರ್ಪಾಲು ಹಾಯಿಯಂತೆ ಉಬ್ಬಿ ಗೂಟವನ್ನೇ ಕೀಳುತ್ತದೆ. ನೆಲದಿಂದ ಹೊರಚಾಚಿದ ಪ್ರತಿಯೊಂದು ಕಂಬಿಯ ತಲೆಗೂ ಟೆನಿಸ್ ಚೆಂಡನ್ನೋ ಪ್ಲಾಸ್ಟಿಕ್ ಮುಚ್ಚಳವನ್ನೋ ತೊಡಿಸಿ, ಹಗ್ಗಗಳಿಗೆ ರಾತ್ರಿ ಕಾಣುವ ಬಟ್ಟೆ ಅಥವಾ ದೀಪದ ಸರ ಸುತ್ತಿ. ಕತ್ತಲಲ್ಲಿ ಕಂಬಿಗೆ ಕಾಲು ಕೊಟ್ಟು ಗಾಯ ಮಾಡಿಕೊಳ್ಳುವುದು ಇಂಥ ಉತ್ಸವಗಳಲ್ಲಿ ತೀರ ಸಾಮಾನ್ಯ. ಶಿಬಿರ ಬಿಟ್ಟು ಹೊರಡುವಾಗ, ಅರ್ಧ ಗಂಟೆಗೇ ಆದರೂ, ಹಾರಬಲ್ಲ ಯಾವುದನ್ನೂ ತೆರೆದಿಡಬೇಡಿ.

ಗಾಳಿಯ ಜೊತೆ ದೂಳು ಬರುತ್ತದೆ. ಮುಖಕ್ಕೆ ಅಂಟಿ ಕೂರುವ ಕನ್ನಡಕ, ಎನ್95 ಮುಖವಾಡ ಇವೆರಡೂ ಶಿಬಿರದಲ್ಲಿ ಅಲ್ಲ, ನಿಮ್ಮ ಕೊರಳಲ್ಲಿ ಇರಬೇಕು. ಎದುರಿಗೆ ಚಾಚಿದ ಕೈ ಕಾಣದಷ್ಟು ದೂಳೆದ್ದರೆ ನಡೆಯುವುದನ್ನು ನಿಲ್ಲಿಸಿ, ದೀಪ ಹಚ್ಚಿ, ಇದ್ದಲ್ಲೇ ಕುಳಿತುಕೊಳ್ಳಿ. ಬ್ಲ್ಯಾಕ್ ರಾಕ್‌ನಂಥ ಒಣ ಸರೋವರದ ತಳದ ದೂಳು ಕ್ಷಾರೀಯವಾಗಿದ್ದು, ಬರಿಗಾಲಲ್ಲಿ ಓಡಾಡಿದವರ ಪಾದವನ್ನು ಬಿರಿಸುತ್ತದೆ; ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿ ಕಾಲು ತೊಳೆದು ಎಣ್ಣೆ ಅಥವಾ ಕ್ರೀಮು ಹಚ್ಚಿ, ಕಾಲುಚೀಲ ಹಾಕಿ ಮಲಗಿದರೆ ಸಾಕು.

ಮಳೆಯನ್ನು ಮರುಭೂಮಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2023ರ ಸೆಪ್ಟೆಂಬರ್ ಆರಂಭದಲ್ಲಿ ಬರ್ನಿಂಗ್ ಮ್ಯಾನ್ ನಡೆಯುತ್ತಿದ್ದಾಗ ಮಳೆ ಸುರಿದು ಸರೋವರದ ತಳ ಅಂಟುಕೆಸರಾಗಿ, ಹತ್ತಾರು ಸಾವಿರ ಜನ ವಾಹನ ಹೊರಡಿಸಲಾಗದೆ ದಿನಗಟ್ಟಲೆ ಅಲ್ಲೇ ಉಳಿಯಬೇಕಾಯಿತು. ಆ ಒಂದು ಹೆಚ್ಚುವರಿ ದಿನದ ನೀರು ಮತ್ತು ಆಹಾರ ಇಂಥ ಹೊತ್ತಿಗೆ. ಒಣಹೊಳೆಯ ಪಾತ್ರ ಎಷ್ಟೇ ಸಮತಟ್ಟಾಗಿ, ನೆರಳಾಗಿ ಕಂಡರೂ ಅಲ್ಲಿ ಡೇರೆ ಹಾಕಬಾರದು. ಮಳೆ ಬೀಳುವುದು ಮೈಲಿಗಳಾಚೆ, ನೀರು ಬರುವುದು ನಿಮ್ಮ ತಲೆದಿಂಬಿಗೆ.

ಊರಿನೊಳಗೆ

ಒಂಟಿಯಾಗಿ ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ಮೊದಲ ಸಲ ಒಂದು ಥೀಮ್ ಕ್ಯಾಂಪ್ ಸೇರುವುದು ಲೇಸು. ಥೀಮ್ ಕ್ಯಾಂಪ್ ಎಂದರೆ ಹತ್ತಾರು ಜನ ಕೂಡಿ ಊರಿಗೆ ಏನನ್ನಾದರೂ ಕೊಡಲು ನಡೆಸುವ ಶಿಬಿರ. ಒಂದು ಬೆಳಗಿನ ಚಹಾ ಕೊಡುತ್ತದೆ, ಇನ್ನೊಂದು ಸೈಕಲ್ ರಿಪೇರಿ ಮಾಡುತ್ತದೆ, ಮತ್ತೊಂದು ನೆರಳಿನಲ್ಲಿ ಚಾಪೆ ಹಾಸಿ ದಣಿದವರನ್ನು ಮಲಗಿಸುತ್ತದೆ. ಸೇರುವಾಗ ‘ನನಗೆ ಏನು ಸಿಗುತ್ತದೆ’ ಎಂದು ಕೇಳುವ ಬದಲು ಅಡುಗೆ, ವಿದ್ಯುತ್, ಬಡಗಿ ಕೆಲಸ, ವಾಹನ ಇವುಗಳಲ್ಲಿ ನಿಮಗೆ ಒದಗುವುದು ಯಾವುದೆಂದು ಮೊದಲೇ ಹೇಳಿ. ಸಾಮೂಹಿಕ ಖರ್ಚಿನ ನಿಮ್ಮ ಪಾಲು, ಪಾತ್ರೆ ತೊಳೆಯುವ ಸರದಿ, ಬಿಚ್ಚುವ ದಿನ ಎಷ್ಟು ಹೊತ್ತಿನವರೆಗೆ ಇರುತ್ತೀರಿ ಎಂಬ ಮೂರನ್ನು ಹೊರಡುವ ಮೊದಲೇ ಸ್ಪಷ್ಟಪಡಿಸಿಕೊಳ್ಳದ ಶಿಬಿರಗಳಲ್ಲಿ ಜಗಳ ಖಂಡಿತ, ಮತ್ತು ಅದು ಸಾಮಾನ್ಯವಾಗಿ ಮೂರನೆಯದರ ಬಗ್ಗೆ.

ಒಳಗೆ ಹಣ ಓಡುವುದಿಲ್ಲ. ಇದನ್ನು ವಿನಿಮಯ ಎಂದು ತಿಳಿಯುವುದು ಹೊಸಬರ ತಪ್ಪು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನೂ ನಿರೀಕ್ಷಿಸದಿರುವುದೇ ಇಲ್ಲಿನ ಉಡುಗೊರೆಯ ಅರ್ಥ. ಹಂಚಲು ನೂರು ಪ್ಲಾಸ್ಟಿಕ್ ಬಿಲ್ಲೆ ತರುವವರಿಗೆ ನನ್ನ ಸಲಹೆ ಒಂದೇ: ತರಬೇಡಿ. ಅವುಗಳಲ್ಲಿ ಅರ್ಧ ನೆಲಕ್ಕೆ ಬೀಳುತ್ತವೆ. ಸಣ್ಣ ಊರಿನಲ್ಲಿ ಅತ್ಯಂತ ಬೆಲೆಬಾಳುವ ಉಡುಗೊರೆ ಒಂದು ಪಾಳಿ. ಹೆಬ್ಬಾಗಿಲ ಗೇಟ್, ಬಂದವರನ್ನು ಸ್ವಾಗತಿಸಿ ನಿಯಮ ತಿಳಿಸುವ ಗ್ರೀಟರ್, ರಾತ್ರಿ ಸುತ್ತುವ ರೇಂಜರ್ ಇವುಗಳಲ್ಲಿ ಮೊದಲ ಎರಡಕ್ಕೆ ಅನುಭವ ಬೇಕಿಲ್ಲ, ರೇಂಜರ್ ಕೆಲಸಕ್ಕೆ ತರಬೇತಿ ಬೇಕು. ಬ್ಲ್ಯಾಕ್ ರಾಕ್ ರೇಂಜರ್ಸ್ ದಳ 1992ರಲ್ಲಿ ಆರಂಭವಾದದ್ದು ದಾರಿ ತಪ್ಪಿದವರನ್ನು ಹುಡುಕಲೆಂದು. ಇಂದೂ ರೇಂಜರ್‌ಗಳು ಪೊಲೀಸರಲ್ಲ, ಜಗಳ ಬಿಡಿಸುವ, ಮನಸ್ಸು ಕೆಟ್ಟವರ ಪಕ್ಕ ಕೂರುವ ನೆರೆಹೊರೆಯವರು. ಅವರ ಮಾತು ಕೇಳಿ, ಆದರೆ ಗಾಯ, ಬೆಂಕಿ, ಕಾಣೆಯಾದ ಮಗು, ಒಪ್ಪಿಗೆಯಿಲ್ಲದ ಸ್ಪರ್ಶ ಇವುಗಳನ್ನು ಕಂಡಾಗ ಅವರೇ ಬರಲೆಂದು ಕಾಯದೆ ಓಡಿ ಹೇಳಿ.

ಒಪ್ಪಿಗೆಯ ವಿಷಯದಲ್ಲಿ ವಿನಾಯಿತಿಯಿಲ್ಲ. ಅಪ್ಪಿಕೊಳ್ಳುವುದಕ್ಕೆ, ಫೋಟೋ ತೆಗೆಯುವುದಕ್ಕೆ, ಯಾರಿಗಾದರೂ ಪಾನೀಯ ಕೊಡುವಾಗ ಅದರಲ್ಲಿ ಏನಿದೆ ಎಂದು ಹೇಳುವುದಕ್ಕೆ ಇದು ಸಮಾನವಾಗಿ ಅನ್ವಯಿಸುತ್ತದೆ. ಅರೆಬೆತ್ತಲೆ ವೇಷ ಒಪ್ಪಿಗೆಯಲ್ಲ, ಮೌನವೂ ಅಲ್ಲ.

ಕಲಾಕೃತಿ ತರುವುದಾದರೆ

ಮೊದಲ ಕೃತಿ ಸಣ್ಣದಾಗಿರಲಿ. ಬಯಲು ಎಷ್ಟು ವಿಶಾಲವೆಂದರೆ ಎರಡಾಳೆತ್ತರದ ಶಿಲ್ಪವೂ ಅಲ್ಲಿ ಬೆಂಕಿಪೆಟ್ಟಿಗೆಯಂತೆ ಕಾಣುತ್ತದೆ. ಎತ್ತರದಲ್ಲಿ ಬಯಲಿನೊಡನೆ ಪೈಪೋಟಿಗೆ ಇಳಿಯುವುದು ವ್ಯರ್ಥ, ಹತ್ತಿರ ಬಂದವರನ್ನು ಹಿಡಿದು ನಿಲ್ಲಿಸುವ ಕೃತಿ ಗೆಲ್ಲುತ್ತದೆ. ಒಬ್ಬರು ಕುಳಿತು ಕಿವಿಗೊಡುವ ಪೆಟ್ಟಿಗೆ, ಬರೆದು ಬಿಡುವ ಗೋಡೆ, ಇಬ್ಬರು ಸೇರಿ ತಿರುಗಿಸಿದರೆ ಮಾತ್ರ ಉರಿಯುವ ದೀಪ ಇಂಥವು ಸಣ್ಣ ಬರ್ನ್‌ನಲ್ಲಿ ಜನರ ನೆನಪಿನಲ್ಲಿ ಉಳಿಯುತ್ತವೆ. ಮನೆಯಂಗಳದಲ್ಲಿ ಒಮ್ಮೆ ಪೂರ್ತಿ ಜೋಡಿಸಿ, ಬಿಚ್ಚಿ, ವಾಹನಕ್ಕೆ ತುಂಬಿ ನೋಡಿ. ಜೋಡಿಸಲು ಮನೆಯಲ್ಲಿ ಎರಡು ಗಂಟೆ ಹಿಡಿದದ್ದಕ್ಕೆ ಅಲ್ಲಿ ಆರು ಗಂಟೆ ಹಿಡಿಯುತ್ತದೆ, ಏಕೆಂದರೆ ಬಿಸಿಲಿಳಿಯುವವರೆಗೆ ಲೋಹವನ್ನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ ಮತ್ತು ಕಳೆದುಹೋದ ಒಂದು ಬೋಲ್ಟನ್ನು ತರಲು ಅಂಗಡಿಯಿಲ್ಲ. ಜನರು ಹತ್ತುತ್ತಾರೆ ಎಂದೇ ಭಾವಿಸಿ ಕಟ್ಟಿ; ‘ಹತ್ತಬೇಡಿ’ ಎಂಬ ಫಲಕವನ್ನು ರಾತ್ರಿ ಮೂರು ಗಂಟೆಗೆ ಯಾರೂ ಓದುವುದಿಲ್ಲ. ಕತ್ತಲಾದ ಮೇಲೆ ಕೃತಿಗೆ ಸ್ವಂತ ಬೆಳಕಿರಲೇಬೇಕು, ಇಲ್ಲವಾದರೆ ಸೈಕಲ್ಲೊಂದು ಅದನ್ನು ಕಂಡುಹಿಡಿಯುತ್ತದೆ.

ಸುಡುವ ಕೃತಿಯಾದರೆ ಕೆಲಸ ಇಮ್ಮಡಿ. ರಾಸಾಯನಿಕ ಹಾಕಿದ ಮರ, ಪ್ಲಾಸ್ಟಿಕ್, ಫೋಮು, ಸತು ಲೇಪಿಸಿದ ಲೋಹ ಇವು ವಿಷದ ಹೊಗೆ ಬಿಡುವುದರಿಂದ ಬೆಂಕಿಯ ಹತ್ತಿರವೂ ಬರಬಾರದು. ನೆಲದ ಮೇಲೆ ನೇರವಾಗಿ ಸುಟ್ಟರೆ ಜೇಡಿ ಬೆಂದು ಇಟ್ಟಿಗೆಯಂತೆ ಗಟ್ಟಿಯಾದ ಕಲೆ ಉಳಿಯುತ್ತದೆ. ಆದ್ದರಿಂದ ಎತ್ತರಿಸಿದ ತಟ್ಟೆಯ ಮೇಲೋ, ಹೊರಗಿನಿಂದ ತಂದು ಹಾಸಿದ ಜಲ್ಲಿಪುಡಿಯ ದಪ್ಪ ಪದರದ ಮೇಲೋ ಸುಟ್ಟು, ಆ ಪದರವನ್ನೂ ಹಿಂದಕ್ಕೆ ಒಯ್ಯಬೇಕು. ಬೂದಿ ಆರಿದ ಮೇಲೆ ಆಯಸ್ಕಾಂತದ ಕುಂಟೆಯಿಂದ ಮೊಳೆಗಳನ್ನು ಹೆಕ್ಕಬೇಕು. ಎಷ್ಟು ಮೊಳೆ ಬಡಿದಿರಿ ಎಂಬುದರ ಲೆಕ್ಕ ಅಂದು ನೆನಪಾಗುತ್ತದೆ.

ಮುಖ್ಯ ಪ್ರತಿಮೆಯನ್ನು ಸುಡುವ ರಾತ್ರಿ ಸುರಕ್ಷಾ ಸ್ವಯಂಸೇವಕರು ಎಳೆದ ವೃತ್ತದ ಹೊರಗೆ, ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು, ಹತ್ತಿಬಟ್ಟೆ ತೊಟ್ಟು ಕುಳಿತುಕೊಳ್ಳಿ; ನೈಲಾನಿನ ವೇಷಕ್ಕೆ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕೃತಿ ಕುಸಿದು, ವೃತ್ತ ತೆರೆಯಿತು ಎಂದು ಅವರು ಹೇಳುವವರೆಗೆ ಏಳಬಾರದು. ಕೆಲವು ಉತ್ಸವಗಳಲ್ಲಿ ಟೆಂಪಲ್ ಎಂಬ ಇನ್ನೊಂದು ರಚನೆ ಇರುತ್ತದೆ. 2000ದಲ್ಲಿ ಡೇವಿಡ್ ಬೆಸ್ಟ್ ಬ್ಲ್ಯಾಕ್ ರಾಕ್‌ನಲ್ಲಿ ಕಟ್ಟಿದ ಕೃತಿ ಅಪಘಾತದಲ್ಲಿ ತೀರಿಕೊಂಡ ಗೆಳೆಯನೊಬ್ಬನ ಸ್ಮಾರಕವಾಗಿ ಪರಿಣಮಿಸಿದಾಗಿನಿಂದ, ಜನರು ಅಗಲಿದವರ ಹೆಸರು, ಪತ್ರ, ಚಿತ್ರಗಳನ್ನು ಅಲ್ಲಿ ಬಿಟ್ಟು ಹೋಗುವುದು ರೂಢಿಯಾಯಿತು. ಅದು ಉರಿಯುವಾಗ ಸಂಗೀತ ನಿಲ್ಲುತ್ತದೆ, ಯಾರೂ ಕೂಗುವುದಿಲ್ಲ. ಇದನ್ನು ಹೊಸಬರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಬಿಚ್ಚುವುದು

ಕಸಕ್ಕೆ ಇಲ್ಲಿ ಮೂಪ್ ಎಂಬ ಪದವಿದೆ: ತನ್ನ ಜಾಗದಲ್ಲಿಲ್ಲದ ವಸ್ತು ಎಂದು ಅದರ ಅರ್ಥ. ಬ್ಲ್ಯಾಕ್ ರಾಕ್‌ನಲ್ಲಿ ಉತ್ಸವ ಮುಗಿದ ಮೇಲೆ ಸರ್ಕಾರಿ ಭೂ ಇಲಾಖೆ ನಡೆಸುವ ತಪಾಸಣೆಯ ಮಿತಿ ಎಕರೆಗೆ ಸರಾಸರಿ ಒಂದು ಚದರ ಅಡಿ ಕಸ. ಸಣ್ಣ ಉತ್ಸವಗಳ ಮೇಲೆ ಅಂಥ ಅಳತೆಗೋಲು ಇಲ್ಲದಿರಬಹುದು, ಆದರೆ ಜಮೀನಿನ ಒಡೆಯರು ಮುಂದಿನ ವರ್ಷ ಜಾಗ ಕೊಡುವುದು ಬಿಡುವುದು ಈ ಒಂದರ ಮೇಲೆ ನಿಂತಿರುತ್ತದೆ. ಆದ್ದರಿಂದ ಶಿಸ್ತು ಹೊರಡುವ ದಿನದಿಂದ ಅಲ್ಲ, ಮನೆಯಲ್ಲಿ ಚೀಲ ಕಟ್ಟುವಾಗಲೇ ಆರಂಭವಾಗಲಿ. ಪೊಟ್ಟಣಗಳ ಹೊರಕವಚವನ್ನು ಮನೆಯಲ್ಲೇ ಕಿತ್ತು ಎಸೆಯಿರಿ. ಮಿನುಗುಪುಡಿ, ಬಿಡಿ ಗರಿ, ಉದುರುವ ಚಮಕಿ ತರಬೇಡಿ. ಕೇಬಲ್ ಟೈಗಳ ತುದಿ ಕತ್ತರಿಸಿದಾಗ ಹಾರುವ ಚೂರು, ಸಿಗರೇಟಿನ ತುಂಡು, ಕಾಯಿಬೀಜದ ಸಿಪ್ಪೆ, ಗರಗಸದ ಹೊಟ್ಟು ಇವೇ ಕೊನೆಗೆ ಕಾಡುವ ವಸ್ತುಗಳು. ಮರ ಕೊಯ್ಯುವಾಗ ಕೆಳಗೆ ಟಾರ್ಪಾಲು ಹಾಸಿ, ಜೇಬಿನಲ್ಲಿ ಒಂದು ಸಣ್ಣ ಡಬ್ಬಿ ಸದಾ ಇರಲಿ.

ಪಾತ್ರೆ ತೊಳೆದ ನೀರನ್ನು, ಸ್ನಾನದ ನೀರನ್ನು ನೆಲಕ್ಕೆ ಚೆಲ್ಲಬಾರದು. ಅಗಲವಾದ ತಟ್ಟೆಯಲ್ಲಿ ಹಾಕಿ ಬಿಸಿಲಿಗೆ ಆವಿಯಾಗಿಸಬಹುದು ಎನ್ನುತ್ತಾರಾದರೂ, ದೂಳು ಬಿದ್ದು ಅದು ನಾರುವ ರಾಡಿಯಾಗುವುದೇ ಹೆಚ್ಚು. ಮುಚ್ಚಳವಿರುವ ಖಾಲಿ ನೀರಿನ ಕ್ಯಾನ್‌ಗಳಿಗೇ ಸೋಸಿ ತುಂಬಿ ಹಿಂದಕ್ಕೆ ಒಯ್ಯುವುದು ಹೆಚ್ಚು ಖಚಿತ. ಶೌಚಾಲಯದೊಳಗೆ ದೇಹದಿಂದ ಬಂದದ್ದು ಮತ್ತು ಒಂದೇ ಪದರದ ಕಾಗದ ಬಿಟ್ಟು ಇನ್ನೇನೂ ಬೀಳಬಾರದು. ಒಂದೇ ಒಂದು ಒದ್ದೆಕಾಗದ ಪಂಪಿನ ಕೊಳವೆಯನ್ನು ಕಟ್ಟಿಸಿ ಇಡೀ ಊರನ್ನು ಸಂಕಟಕ್ಕೆ ನೂಕಬಲ್ಲದು. ಕೆಲವು ಮರುಭೂಮಿಗಳಲ್ಲಿ ನೆಲದ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಕಾಣುವ ಹೆಪ್ಪು ಇರುತ್ತದೆ. ಅದು ಸಯನೋಬ್ಯಾಕ್ಟೀರಿಯಾ, ಕಲ್ಲುಹೂ, ಪಾಚಿಗಳು ಕೂಡಿ ಕಟ್ಟಿದ ಜೀವಂತ ಪದರ. ಒಂದು ಹೆಜ್ಜೆಗೆ ಪುಡಿಯಾಗುವ ಅದು ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕಾಗಬಹುದಾದ್ದರಿಂದ, ಗುರುತು ಹಾಕಿದ ದಾರಿ ಬಿಟ್ಟು ಕಾಲಿಡಬೇಡಿ.

ಎಲ್ಲ ಬಿಚ್ಚಿ ವಾಹನಕ್ಕೆ ಹೇರಿದ ಮೇಲೆ ಶಿಬಿರದವರೆಲ್ಲ ತೋಳಗಲ ಅಂತರದಲ್ಲಿ ಸಾಲಾಗಿ ನಿಂತು, ತಲೆ ತಗ್ಗಿಸಿ, ಜಾಗದ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆಯಬೇಕು. ನಂತರ ಅಡ್ಡಲಾಗಿ ಮತ್ತೊಮ್ಮೆ. ಇದನ್ನು ಬೆಳಗ್ಗೆ ಅಥವಾ ಸಂಜೆ ಮಾಡಿದರೆ ಓರೆಬಿಸಿಲಿನಲ್ಲಿ ಸಣ್ಣ ವಸ್ತುಗಳ ನೆರಳು ಉದ್ದವಾಗಿ ಬಿದ್ದು ಸುಲಭವಾಗಿ ಕಣ್ಣಿಗೆ ಸಿಗುತ್ತವೆ. ಗೂಟದ ಪ್ರತಿ ರಂಧ್ರವನ್ನೂ ಮುಚ್ಚಿ, ಗೂಟಗಳನ್ನು ಎಣಿಸಿ. ತಂದದ್ದು ಇಪ್ಪತ್ತನಾಲ್ಕಾದರೆ ಹೋಗುವುದೂ ಇಪ್ಪತ್ತನಾಲ್ಕಾಗಿರಬೇಕು.

ಹೊರಡುವ ಆತುರದಲ್ಲಿ ನಿದ್ದೆಗೆಟ್ಟು ವಾಹನ ಓಡಿಸುವುದು ಈ ನಾಲ್ಕು ದಿನಗಳ ಅತ್ಯಂತ ಅಪಾಯಕಾರಿ ಗಳಿಗೆ. ಕೊನೆಯ ರಾತ್ರಿ ಮಲಗಿ, ಬೆಳಗ್ಗೆ ಹೊರಡಿ. ಛಾವಣಿಯ ಮೇಲಿನ ಕಸದ ಚೀಲಗಳಿಗೆ ಬಲೆ ಕಟ್ಟಿ, ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಹಗ್ಗ ಬಿಗಿ ನೋಡಿ, ಮತ್ತು ಆ ಕಸವನ್ನು ದಾರಿಯ ಹಳ್ಳಿಯ ತೊಟ್ಟಿಗಳಲ್ಲಿ ಸುರಿಯದೆ ನಿಮ್ಮ ಊರಿನವರೆಗೆ ಒಯ್ಯಿರಿ. ಮನೆ ಸೇರಿದ ವಾರದೊಳಗೆ, ದೂಳು ಕೊಡವುವ ಮೊದಲೇ, ಯಾವುದು ಮುರಿಯಿತು, ಯಾವುದು ಸಾಲಲಿಲ್ಲ, ಯಾವುದನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಆ ಗೂಟದ ಚೀಲದೊಳಗೇ ಇಟ್ಟುಬಿಡಿ.